ಹೊಗೆ ಅಳೆದರೆ ಸಾಕಾ, ಬಾನೆಟ್ ಎತ್ತಿ ನೋಡೋದು ಯಾವಾಗ?

ಹಳೇ ಡೀಸೆಲ್ ಗಾಡಿ ಇರೋ ನನ್ನ ಕರ್ನಾಟಕದ ಗೆಳೆಯರಲ್ಲಿ ಕೆಲವರು ‘ಇಜಿಆರ್ ಬ್ಲಾಕ್ ಮಾಡಿಸಿದೆ, ಪಿಕಪ್ ಸೂಪರ್’ ಅಂತ ಖುಷಿಯಾಗಿ ಹೇಳುತ್ತಾರೆ. ಇಜಿಆರ್ ಅಂದರೆ ಹೊಗೆಯ ವಿಷ ಕಮ್ಮಿ ಮಾಡೋಕೆ ಕಂಪನಿಯೇ ಇಂಜಿನ್‌ಗೆ ಕೂರಿಸಿದ ಭಾಗ. ನಾನಿರುವ ಕ್ಯಾಲಿಫೋರ್ನಿಯಾದಲ್ಲಿ ಬ್ಲಾಕ್ ಮಾಡಿಸಿದ್ದನ್ನು ಹೀಗೆ ಎದೆಯುಬ್ಬಿಸಿ ಹೇಳೋದು ಕಷ್ಟ. 1976 ಮತ್ತು ಅದರ ನಂತರದ ಪೆಟ್ರೋಲ್ ಕಾರುಗಳಿಗೆ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಸ್ಮಾಗ್ ಚೆಕ್, ಅಂದರೆ ಅಲ್ಲಿನ ಎಮಿಷನ್ ಟೆಸ್ಟ್, ಇರುತ್ತದೆ. ಹೊಸ ಗಾಡಿಗೆ ಮಾತ್ರ ಮೊದಲ ಕೆಲವು ವರ್ಷ ವಿನಾಯಿತಿ. ಹಳೇ ಕಾರಾದರೆ ಹೊಗೆ ಅಳೆದು ಅಷ್ಟಕ್ಕೇ ಬಿಡುವುದಿಲ್ಲ, ಬಾನೆಟ್ ಎತ್ತಿ, ಅಡಿಗೂ ಬಗ್ಗಿ, ಕಂಪನಿಯಿಂದ ಬಂದ ಸಾಮಾನೆಲ್ಲ ಜಾಗದಲ್ಲಿದೆಯಾ ಅಂತ ನೋಡುತ್ತಾರೆ. ಹೊಗೆ ಎಷ್ಟೇ ಚೊಕ್ಕವಾಗಿರಲಿ, ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಕೊಳವೆಯಲ್ಲಿದ್ದು ವಿಷಾನಿಲ ತಗ್ಗಿಸುವ ಡಬ್ಬಿ) ಕಿತ್ತಿದ್ದರೆ ಫೇಲ್.

ನಮ್ಮ ಕರ್ನಾಟಕದ ಎಮಿಷನ್ ಟೆಸ್ಟ್ ನೋಡಿ. ಪೆಟ್ರೋಲ್ ಗಾಡಿ ನಿಂತಲ್ಲೇ ಓಡುವಾಗ ಕಾರ್ಬನ್ ಮೊನಾಕ್ಸೈಡ್, ಹೈಡ್ರೋಕಾರ್ಬನ್ ಅಳೆಯುತ್ತಾರೆ. ಡೀಸೆಲ್ ಆದರೆ ಆಕ್ಸಿಲರೇಟರ್ ಒತ್ತಿ ಹೊಗೆ ಎಷ್ಟು ದಟ್ಟ ಅಂತ ನೋಡುತ್ತಾರೆ. ನೈಟ್ರೋಜನ್ ಆಕ್ಸೈಡ್ ಅನ್ನುವ ವಿಷಾನಿಲ ಲೆಕ್ಕಕ್ಕೇ ಇಲ್ಲ. ಇಜಿಆರ್ ಇರೋದೇ ಅದಕ್ಕೆ ಅಲ್ವಾ! ಸ್ವಲ್ಪ ಹೊಗೆಯನ್ನು ವಾಪಸ್ ಇಂಜಿನ್‌ಗೆ ಕಳಿಸಿ ಉರಿಯ ಬಿಸಿ ಇಳಿಸುತ್ತದೆ, ಆ ಅನಿಲ ಕಮ್ಮಿಯಾಗುತ್ತದೆ, ಆದರೆ ಡೀಸೆಲ್‌ನಲ್ಲಿ ಮಸಿ ಸ್ವಲ್ಪ ಜಾಸ್ತಿಯಾಗುತ್ತದೆ. ಅಂದರೆ ಬ್ಲಾಕ್ ಮಾಡಿಸಿದವನ ಹೊಗೆ ತೆಳ್ಳಗಾಗಬಹುದು, ಅವನು ಟೆಸ್ಟ್‌ನಲ್ಲಿ ಇನ್ನೂ ಚೆನ್ನಾಗಿಯೇ ಪಾಸಾಗಬಹುದು. ಡೀಸೆಲ್ ಮಟ್ಟಿಗೆ, ಕಣ್ಣಿಗೆ ಕಾಣುವ ಹೊಗೆಗಷ್ಟೇ ಹೆದರುವ ಪದ್ಧತಿ ಇದು.

ಹಾಗಂತ ಕ್ಯಾಲಿಫೋರ್ನಿಯಾದ್ದೆಲ್ಲ ಸರಿ ಅಂತ ಹೇಳಲ್ಲ. 1975ರ ಕಾರಿಗೆ ಟೆಸ್ಟೇ ಇಲ್ಲ, 1976ರದ್ದಕ್ಕೆ ಪೂರ್ತಿ ತಪಾಸಣೆ. ಎಂಬತ್ತರ ದಶಕದ ಕಾರ್ಬ್ಯುರೇಟರ್ ಕಾರುಗಳಲ್ಲಿ ವ್ಯಾಕ್ಯೂಮ್ ಪೈಪುಗಳ ದೊಡ್ಡ ಗೋಜಲೇ ಇರುತ್ತದೆ, ಎಷ್ಟೋ ಬಿಡಿಭಾಗ ಈಗ ತಯಾರೇ ಆಗುವುದಿಲ್ಲ, ಮಾಲೀಕ ಎಲ್ಲಿಂದ ತರಬೇಕು? ಬೇರೆ ಹಲವು ರಾಜ್ಯಗಳಲ್ಲಿ ನಡೆಯುವ ಅಗ್ಗದ ಕನ್ವರ್ಟರ್ ಇಲ್ಲಿ ನಡೆಯಲ್ಲ, ರಾಜ್ಯದ ವಾಯು ಮಂಡಳಿ ಒಪ್ಪಿದ್ದೇ ಬೇಕು. (ಒಳಗಿನ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಆಸೆಗೆ ಅದನ್ನೂ ರಾತ್ರಿ ಕತ್ತರಿಸಿಕೊಂಡು ಹೋಗುವವರಿದ್ದಾರೆ, ಅದು ಬೇರೆ ಕಥೆ.)

ಇನ್ನು ಪಿಕಪ್ ವಿಷಯ. ಎಪ್ಪತ್ತರ ದಶಕದ ಅಮೆರಿಕನ್ ಕಾರುಗಳಲ್ಲಿ ಈ ಉಪಕರಣಗಳಿಂದ ಶಕ್ತಿ ಕಮ್ಮಿಯಾಗಿದ್ದು ನಿಜ. ಆಮೇಲಿನ ಕಾರುಗಳಲ್ಲಿ ಕನ್ವರ್ಟರ್ ಒಳಗೆ ಕಟ್ಟಿಕೊಂಡು ಹೊಗೆಗೆ ದಾರಿ ಇಲ್ಲದಿದ್ದರೆ ಗಾಡಿ ಎಳೆಯಲ್ಲ, ತೆಗೆದರೆ ಎಳೆಯುತ್ತದೆ. ಆದರೆ ಅದು ಕಟ್ಟಿಕೊಂಡಿದ್ದು ಯಾಕೆ? ಇಂಜಿನ್ ಆಯಿಲ್ ಸುಡುತ್ತಿರಬಹುದು, ಇಲ್ಲವೇ ಮಿಸ್‌ಫೈರ್ ಆಗಿ (ಸಿಲಿಂಡರ್‌ನಲ್ಲಿ ಸರಿಯಾಗಿ ಹೊತ್ತದೆ) ಉರಿಯದ ಪೆಟ್ರೋಲ್ ಅದರೊಳಗೆ ಹೋಗಿ ಹೊತ್ತಿ, ಒಳಗಿನ ಜೇನುಗೂಡಿನಂಥ ಜಾಲರಿಯನ್ನೇ ಕರಗಿಸಿರಬಹುದು. ಕನ್ವರ್ಟರ್ ಕಿತ್ತರೂ ಆ ರೋಗ ಹಾಗೇ ಇರುತ್ತದೆ. ಪೆಟ್ರೋಲ್ ಕಾರಿನ ಇಜಿಆರ್ ಸುಮ್ನೆ ಮುಚ್ಚಿದರೆ ಕೆಲವು ಇಂಜಿನ್‌ಗಳು ನಾಕಿಂಗ್ (ಒಳಗೆ ಟಕಟಕ ಬಡಿಯೋದು) ಶುರು ಮಾಡುತ್ತವೆ, ಯಾಕಂದರೆ ಅವುಗಳಲ್ಲಿ ಕಿಡಿ ಹಾರುವ ಟೈಮಿಂಗ್ ಇಟ್ಟಿರೋದೇ ಇಜಿಆರ್ ಇದೆ ಅಂತ ನಂಬಿ.

ನಮ್ಮ ಕರ್ನಾಟಕದ ಟೆಸ್ಟ್ ಸೆಂಟರ್‌ನಲ್ಲಿ ಹೇಗೂ ನಂಬರ್ ಪ್ಲೇಟ್ ಫೋಟೋ ತೆಗೆಯುತ್ತಾರೆ. ಬಾನೆಟ್ ಎತ್ತಿ ಇನ್ನೊಂದು ಫೋಟೋ ತೆಗೆಯಲಿ. ಒಳಗೆ ತಗಡು ಇಟ್ಟು ಇಜಿಆರ್ ಬ್ಲಾಕ್ ಮಾಡಿದ್ದು ಅದರಲ್ಲಿ ಕಾಣಲ್ಲ, ಒಪ್ಪಿದೆ. ಪೂರ್ತಿ ಕಿತ್ತು ಹಾಕಿದ್ದಾದರೂ ಸಿಗುತ್ತದಲ್ಲ.