ಬ್ಲಾಕ್ ಆಮೇಲೆ, ಮೊದಲು ಸ್ಕ್ರೀನ್‌ಶಾಟ್

ದಾವಣಗೆರೆ ಓದೋ ಮಕ್ಕಳ ಊರು. ಜಗಳೂರು, ಹೊನ್ನಾಳಿ ಕಡೆಯಿಂದ ಬಂದು ಹಾಸ್ಟೆಲ್ ಸೇರಿದ ಹುಡುಗಿಯ ಮುಖ ಬೆಳಗಾಗೋದರೊಳಗೆ ಕ್ಲಾಸ್ ಗ್ರೂಪಿನ ಸ್ಟಿಕ್ಕರ್ ಆಗಿರುತ್ತೆ. ಹೆಸರು ಹೇಳದೆ ಏನು ಬೇಕಾದ್ರೂ ಬರೆಯೋ ಕನ್ಫೆಷನ್ ಪೇಜಿನಲ್ಲಿ ಅವಳ ಬಗ್ಗೆ ಯಾರೋ ಹೊಲಸು ಬರೆದಿರ್ತಾರೆ. ಸ್ನೇಹಿತರು ಕಾಲೆಳೆಯೋದು ಬೇರೆ. ಬೇಡ ಅಂದಮೇಲೂ ನಿಲ್ಲಿಸದೆ, ನಾಲ್ಕು ಜನರನ್ನ ಸೇರಿಸಿಕೊಂಡು ಮಾಡಿದರೆ ಅದು ಕಿರುಕುಳವೇ. ಮೆಸೇಜ್ ಬಂದ ಸದ್ದಿಗೆ ಮಗು ಫೋನ್ ಬೋರಲು ಹಾಕ್ತಿದ್ರೆ, ಟ್ಯೂಷನ್‌ಗೆ ಹೋಗಲ್ಲ ಅಂತಿದ್ರೆ, ಪಕ್ಕ ಕೂತು ಮೆಲ್ಲಗೆ ಕೇಳಿ.

ವಿಷಯ ಗೊತ್ತಾದ ತಕ್ಷಣ ಫೋನ್ ಕಿತ್ಕೊಬೇಡಿ. "ನೀನ್ಯಾಕೆ ಫೋಟೋ ಹಾಕಿದ್ದೆ" ಅಂತಲೂ ಕೇಳಬೇಡಿ. ಆ ಮಗು ಮತ್ತೆ ನಿಮ್ಮ ಹತ್ತಿರ ಬಾಯಿ ಬಿಡಲ್ಲ.

ಸಿಟ್ಟಲ್ಲಿ ಚಾಟ್ ಅಳಿಸಿದರೆ ಸಾಕ್ಷಿಯೂ ಹೋಯ್ತು. ವಾಟ್ಸಾಪ್‌ನಲ್ಲಿ ಕಳಿಸಿದವನೇ ಸುಮಾರು 2 ದಿನದವರೆಗೂ ಎಲ್ಲರ ಫೋನಿಂದ ಅಳಿಸಬಹುದು; ಇನ್‌ಸ್ಟಾ ಸ್ಟೋರಿ 24 ಗಂಟೆಗೆ ಮಾಯ. ಹಾಗಾಗಿ ದಿನಾಂಕ, ಸಮಯ ಕಾಣೋ ಹಾಗೆ ಸ್ಕ್ರೀನ್‌ಶಾಟ್ ತೆಗೀರಿ, ಕ್ರಾಪ್ ಮಾಡಬೇಡಿ. ಬಹಳ ಜನ ಎಡವೋದು ಇಲ್ಲಿ: ಗ್ರೂಪಿನಲ್ಲಿ ಕಾಣೋದು ನೀವು ಸೇವ್ ಮಾಡಿದ ಹೆಸರು ಮಾತ್ರ. ಆ ಹೆಸರು ಒತ್ತಿ, ನಂಬರ್ ಇರೋ ಪುಟವನ್ನೂ ತೆಗೀರಿ. ಇನ್‌ಸ್ಟಾ ಆದರೆ ಪ್ರೊಫೈಲ್ ಲಿಂಕ್ ಬರೆದಿಡಿ. ಗ್ರೂಪ್ ಬಿಡೋ ಮುಂಚೆ ಚಾಟ್ ಎಕ್ಸ್‌ಪೋರ್ಟ್ ಮಾಡಿ, ಅಂದ್ರೆ ಮಾತುಕತೆಯನ್ನ ಫೈಲಾಗಿ ಉಳಿಸಿಕೊಳ್ಳಿ. ಆ ಫೋನನ್ನ ಮಾರಬೇಡಿ, ರೀಸೆಟ್ ಮಾಡಬೇಡಿ.

18 ತುಂಬದವರ ಅಶ್ಲೀಲ ಫೋಟೋ ಆದರೆ ಮಾತ್ರ ಬೇರೆ ದಾರಿ. ಅದನ್ನ ಸಲಹೆ ಕೇಳೋಕೂ ಯಾರಿಗೂ ಫಾರ್ವರ್ಡ್ ಮಾಡಬೇಡಿ, ಐಟಿ ಕಾಯ್ದೆಯ 67ಬಿ ಪ್ರಕಾರ ಹಂಚೋದೇ ಅಪರಾಧ. ಲಿಂಕ್, ನಂಬರ್ ಬರೆದಿಟ್ಟು ನೇರವಾಗಿ ಪೊಲೀಸರಿಗೆ ತಿಳಿಸಿ.

ಇಷ್ಟಾದ ಮೇಲೆ ಆ್ಯಪ್‌ನಲ್ಲೇ ರಿಪೋರ್ಟ್, ಆಮೇಲೆ ಬ್ಲಾಕ್. ಬ್ಲಾಕ್ ಮಾಡಿದ್ರೆ ಕೆರಳ್ತಾನೆ ಅನ್ನೋ ಭಯವಿದ್ದರೆ ಇನ್‌ಸ್ಟಾದಲ್ಲಿ ‘ರಿಸ್ಟ್ರಿಕ್ಟ್’ ಇದೆ: ನಿಮ್ಮ ಪೋಸ್ಟಿಗೆ ಅವನು ಹಾಕೋ ಹೊಸ ಕಾಮೆಂಟ್ ಅವನಿಗೆ ಕಾಣುತ್ತೆ, ನೀವು ಒಪ್ಪದ ಹೊರತು ಬೇರೆಯವರಿಗೆ ಕಾಣಲ್ಲ.

ದಾವಣಗೆರೆ, ಚಿತ್ರದುರ್ಗ ಎರಡೂ ಕಡೆ ಸೈಬರ್ ಅಪರಾಧ ನೋಡ್ಕೊಳ್ಳೋ ಸಿಇಎನ್ ಪೊಲೀಸ್ ಠಾಣೆ ಇದೆ. ಠಾಣೆ ಮೆಟ್ಟಿಲು ಹತ್ತೋಕೆ ಹಿಂಜರಿಕೆ ಇದ್ದರೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ಹೆಣ್ಣುಮಕ್ಕಳ, ಮಕ್ಕಳ ಅಶ್ಲೀಲ ಚಿತ್ರಗಳ ವಿಷಯಕ್ಕೆ ಹೆಸರು ಹೇಳದೆಯೂ ದೂರು ಕೊಡಬಹುದು. ಮಕ್ಕಳ ಸಹಾಯವಾಣಿ 1098. ಮಗು ಊಟ ನಿದ್ದೆ ಬಿಟ್ಟಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಇವತ್ತೇ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ.

ಗ್ರೂಪಿನಲ್ಲಿ ಸುಮ್ಮನೆ ನೋಡ್ತಿರೋ ಮಕ್ಕಳೇ, ನಗೋ ಇಮೋಜಿ ಒತ್ತಬೇಡಿ. ಅವಳು ಹೆದರಿ ಎಲ್ಲ ಅಳಿಸಿರಬಹುದು, ನಿಮ್ಮ ಫೋನಲ್ಲಿ ಇನ್ನೂ ಇರುತ್ತೆ. "ನನ್ನ ಹತ್ರ ಸ್ಕ್ರೀನ್‌ಶಾಟ್ ಐತೆ ಕಣೇ, ಬೇಕಾದ್ರೆ ಕೊಡ್ತೀನಿ" ಅಂತ ಅವಳಿಗೊಂದು ಮೆಸೇಜ್ ಹಾಕಿ.