ಗಿಡ ಹೋಗಿಲ್ಲ, ಮಲಗಿದೆ

"ಗಿಡ ಹೋಯ್ತಾ?" ಎಂದು ಪಕ್ಕದ ಮನೆಯವರು ಬೇಲಿಯಾಚೆಯಿಂದ ಕೇಳಿದರು. ಸಾವಿನ ಮನೆಗೆ ಬಂದವರ ದನಿ. ನಾನು ನೀರಿನ ಪೈಪನ್ನು ಬಿಗಿಯಾಗಿ ಹಿಡಿದುಕೊಂಡು, "ಹೋಗಿಲ್ಲ, ಮಲಗಿದೆ" ಅಂದೆ. ಅವರು ಪಾಪ ಅನ್ನುವ ಹಾಗೆ ತಲೆಯಾಡಿಸಿದರು.

ಬ್ಲೀಡಿಂಗ್ ಹಾರ್ಟ್ ಸಾಕುವವರಿಗೆ ಇದು ಪ್ರತಿ ಬೇಸಿಗೆಯ ಪಾಡು. ವಸಂತದಲ್ಲಿ ಬಾಗಿದ ಕಡ್ಡಿಯುದ್ದಕ್ಕೂ ಗುಲಾಬಿ ಹೃದಯಗಳು ತೂಗುತ್ತಿದ್ದಾಗ ಒಬ್ಬರೂ ಇತ್ತ ತಿರುಗಿ ನೋಡುವುದಿಲ್ಲ. ಬಿಸಿಲೇರಿ, ಎಲೆ ಹಣ್ಣಾಗಿ, ಅದು ನೆಲದೊಳಕ್ಕೆ ಇಳಿದು ಮಾಯವಾದ ದಿನವೇ ಎಲ್ಲರಿಗೂ ನನ್ನ ತೋಟ ಕಾಣುತ್ತದೆ. ಈ ಗಿಡ ನನಗೊಂದು ದೊಡ್ಡ ಪಾಠ ಕಲಿಸಿದೆ. ಅದನ್ನು ಆಮೇಲೆ ಹೇಳುತ್ತೇನೆ.

ಸಲಹೆಗಳಿಗಂತೂ ಬರವಿಲ್ಲ. "ಒಂದು ಕಡ್ಡಿ ಮುರಿದು ಮಣ್ಣಿಗೆ ಚುಚ್ಚಿ, ತಾನೇ ಬರುತ್ತೆ" ಎಂದರೊಬ್ಬರು. ಚುಚ್ಚಿದೆ, ಕೊಳೆಯಿತು. ಆಮೇಲೆ ತಿಳಿಯಿತು, ಅವರ ಮನಸ್ಸಿನಲ್ಲಿದ್ದದ್ದು ಬಿಳಿ ಚೀಲದೊಳಗಿಂದ ಕೆಂಪು ಹೂ ಇಣುಕುವ ಪಶ್ಚಿಮ ಆಫ್ರಿಕಾದ ಬಳ್ಳಿ, ಕ್ಲೆರೋಡೆಂಡ್ರಮ್. ಅದಕ್ಕೂ ಇದೇ ಹೆಸರು. ನನ್ನದು ಚೀನಾ, ಕೊರಿಯಾ ಕಡೆಯದು, ಡೈಸೆಂಟ್ರಾ. ಆ ಹೆಸರು ನಾಲಿಗೆಗೆ ಕೂರುವಷ್ಟರಲ್ಲಿ ಪಂಡಿತರು ಅದನ್ನು ಕಿತ್ತು ಲ್ಯಾಂಪ್ರೊಕ್ಯಾಪ್ನೋಸ್ ಎಂದಿಟ್ಟರು. ಅವರಿಗೆ ಬೇರೆ ಕೆಲಸವಿಲ್ಲವೇ?

ಮೊದಲ ವರ್ಷ ನಾನೂ ಅದು ಸತ್ತಿತೆಂದೇ ತಿಳಿದು ಗುದ್ದಲಿ ಹಾಕಿದ್ದೆ ಎಂಬುದು ಪಕ್ಕದ ಮನೆಯವರಿಗೆ ಗೊತ್ತಿಲ್ಲ. ಹಸಿ ಕ್ಯಾರೆಟ್ ಮುರಿದಂಥ ಸದ್ದು. ದಪ್ಪ ಬೇರು ನಾಲ್ಕಾರು ಚೂರಾಗಿತ್ತು, ಒಂದೊಂದರಲ್ಲೂ ಜೀವ ಇತ್ತು. ಕಳ್ಳನ ಹಾಗೆ ಮಣ್ಣು ಮುಚ್ಚಿ ಒಳಗೆ ಹೋದೆ. ಮುಂದಿನ ವಸಂತಕ್ಕೆ ಮೂರು ಗಿಡ! ಬೇರಿನ ಬೆರಳುದ್ದದ ತುಂಡಿನಿಂದ ಇದನ್ನು ಹೆಚ್ಚಿಸಬಹುದಂತೆ. ನಾನು ಬೇಕೆಂದೇ ಮಾಡಿದ್ದೆ ಎಂದು ಹೇಳಿಕೊಂಡು ತಿರುಗಿದೆ.

ತಲೆಗೇರಿತು. ಬೀಜದಿಂದಲೂ ಮಾಡಿ ತೋರಿಸುತ್ತೇನೆ ಎಂದು ಹೊರಟೆ. ಬೀಜ ತಾಜಾ ಇರಬೇಕು, ಬಿತ್ತಿದ ಮೇಲೆ ಒಂದು ಚಳಿಗಾಲವನ್ನು ಮಣ್ಣಿನಲ್ಲೇ ಕಳೆಯಬೇಕು. ಎಳೆ ಕಾಯಿಗಳನ್ನು ವಾರಗಟ್ಟಲೆ ಕಾದೆ. ಬಿರಿಯುವ ಬೆಳಿಗ್ಗೆ ಬಿಡಿಸಿದರೆ ಒಳಗೆ ಎಣ್ಣೆ ಹಚ್ಚಿದಂತೆ ಮಿರುಗುವ ಕರಿ ಬೀಜ, ಒಂದೊಂದರ ಬದಿಗೂ ಅಂಟಿಕೊಂಡ ಬಿಳಿಯ ಮೆತ್ತನೆ ಚೂರು. ಎಣಿಸಿದೆ, ಹದಿನೇಳು. ಕಾಗದದ ಮೇಲೆ ಹರವಿ ಜಗಲಿಯಲ್ಲಿಟ್ಟೆ. ಅಷ್ಟರಲ್ಲಿ ಫೋನು. ನನಗೆ ಬೇಡದ ಸಾಲವನ್ನು ಕೊಟ್ಟೇ ತೀರುತ್ತೇನೆಂಬ ಹುಡುಗಿ. ಹತ್ತು ನಿಮಿಷ ವಾದ ಮಾಡಿ ಬಂದರೆ ಕಾಗದದ ಮೇಲೆ ಉಳಿದದ್ದು ಎರಡು. ಒಂದು ಆಗಲೇ ಮಿಸುಕುತ್ತಿತ್ತು.

ಇರುವೆಗಳು. ಒಂದು ಬೀಜಕ್ಕೆ ಮೂರು ಮೂರು ಜನ, ಹೆಣ ಹೊತ್ತವರ ಹಾಗೆ, ಮೆಟ್ಟಿಲಿಳಿದು ಹೊರಟಿದ್ದವು. ತಡೆದೆ. ಕಡಿದವು. ಆ ಬಿಳಿ ಚೂರು ಅವಕ್ಕಾಗಿಯೇ ಗಿಡ ಕಟ್ಟಿಕೊಟ್ಟ ಬುತ್ತಿಯಂತೆ. ಗೂಡಿಗೆ ಹೊತ್ತು, ಬುತ್ತಿ ತಿಂದು, ಬೀಜವನ್ನು ತಮ್ಮ ಕಸದ ಗುಂಡಿಗೆ ಎಸೆಯುತ್ತವೆ, ಅದು ಅಲ್ಲೇ ಮೊಳೆಯುತ್ತದೆ. ನೆಟ್ಟವನು, ಗೊಬ್ಬರ ಹಾಕಿದವನು, ಕಾದವನು ನಾನು. ಒಪ್ಪಂದ ಮಾತ್ರ ಅವರಿಬ್ಬರ ನಡುವೆ! ಮಂಡಿಯೂರಿಕೊಂಡು ಸಾಲಿನ ಹಿಂದೆಯೇ ಹೋದೆ. ಕುಂಡ ದಾಟಿ, ಕಲ್ಲು ಬಳಸಿ, ನೇರ ಬೇಲಿಯ ಕೆಳಗೆ ನುಸುಳಿ ಆಚೆ ಹೋದವು. ಉಳಿದೆರಡನ್ನು ಬಿತ್ತಿದೆ. ಏನೂ ಬರಲಿಲ್ಲ.

ಮರುವರ್ಷ ಪಕ್ಕದ ಮನೆಯ ಮೆಟ್ಟಿಲ ಬುಡದಲ್ಲಿ ಸೀಳುಸೀಳಾದ ಎಲೆಯ ಸಸಿಯೊಂದು ತಲೆಯೆತ್ತಿತು. "ನೋಡಿ, ತಾನಾಗೇ ಬಂತು. ನಮ್ಮ ಮಣ್ಣೇ ಹಾಗೆ" ಎಂದರು. ಇರುವೆಯ ವಿಷಯ ನಾನು ಎತ್ತಲಿಲ್ಲ, ಎತ್ತಿದ್ದರೂ ನಂಬುತ್ತಿರಲಿಲ್ಲ. ಈಗ ಅದಕ್ಕೆ ಮೂರನೇ ವರ್ಷ. ಗೋಡೆಯ ನೆರಳು, ತಣ್ಣಗಿನ ತೇವ ಸಿಕ್ಕಿ ನನ್ನದು ಮಲಗಿದ ಮೇಲೂ ಹಚ್ಚಗೆ ನಿಂತಿದೆ. ಆ ಸಂತಾಪದ ದನಿಗೆ ಅದೇ ಕಾರಣ.

ಪಾಠ ಹೇಳುತ್ತೇನೆಂದಿದ್ದೆ. ಸ್ವಲ್ಪ ತಡೆಯಿರಿ. ನಿನ್ನೆಯಿಂದ ಅವರ ಗಿಡದ ಕೆಳಗಿನೆಲೆಯ ತುದಿ ತುಸು ಹಳದಿಯಾಗಿದೆ. ಬೇಲಿಯ ಬಳಿ ನನಗೆ ತುಂಬ ಕೆಲಸವಿದೆ.