ದತ್ತು ವಿಷಯ ಮುಚ್ಚಿಟ್ಟರೆ ಒಳ್ಳೆಯದಾ?

ದತ್ತು ಮಗುವಿಗೆ ನಿಜ ಹೇಳಿದರೆ ಮನಸ್ಸು ಕೆಡುತ್ತದೆ ಅನ್ನೋ ಸಂದೇಶ ದಾವಣಗೆರೆಯ ನಮ್ಮ ಮನೆ ಗ್ರೂಪಿಗೂ ಮತ್ತೆ ಬಂತು. ಕಳಿಸಿದವರದು ಕಾಳಜಿಯೇ. ಆದರೆ ಮಾತು ತಪ್ಪು. ನೋವು ಜಾಸ್ತಿ ಆಗುವುದು ತಡವಾಗಿ, ಅದೂ ಬೇರೆಯವರ ಬಾಯಿಂದ ಗೊತ್ತಾದಾಗ. ಮದುವೆಯಲ್ಲಿ ಎಲೆ ಮುಂದೆ ಕೂತಾಗ ಯಾರೋ "ನಿನ್ನನ್ನ ತಂದು ಸಾಕಿದ್ದಲ್ವಾ" ಅಂದುಬಿಟ್ಟರೆ? ಅದಕ್ಕೇ ಚಿಕ್ಕಂದಿನಿಂದಲೇ, ಕಥೆ ಹೇಳಿದ ಹಾಗೆ ಸ್ವಲ್ಪ ಸ್ವಲ್ಪವೇ ತಿಳಿಸಿ ಅನ್ನುತ್ತಾರೆ ಆಪ್ತಸಮಾಲೋಚಕರು. 2022ರ ದತ್ತು ನಿಯಮಗಳ ಪ್ರಕಾರ 18 ತುಂಬಿದವರು ತಮ್ಮ ಮೂಲ ತಿಳಿಯಲು ಅರ್ಜಿಯನ್ನೂ ಹಾಕಬಹುದು.

ಇಂಥ ಸಂದೇಶದಲ್ಲಿ ವೈದ್ಯರ ಹೆಸರು, ತಾರೀಖು ಇದೆಯಾ ನೋಡಿ. ಇದರಲ್ಲಿ ಸುಮ್ನೆ "ತಜ್ಞರು" ಅಂತಿತ್ತು, ಅಷ್ಟೇ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕೇಳಿ. ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತಾಡುತ್ತಾರೆ. ಮಕ್ಕಳಷ್ಟೇ ಅಲ್ಲ, ಹೇಗೆ ಹೇಳೋದು ಅಂತ ಒದ್ದಾಡುವ ಅಪ್ಪ ಅಮ್ಮನೂ ಮಾಡಬಹುದು.